ದಾರ ಕಟ್ಟದ ಗಾಲಿ

ಗಲ್ಲಿಯ ತುದಿಯಲ್ಲೊಂದು ದೀಪದ ಕಂಬವಿತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಮೂವತ್ತೊಂದು ವರ್ಷ ಅವಳು ಸೈಕಲ್ ತುಳಿದದ್ದು ಆ ಕಂಬದವರೆಗೆ. ಗಾಲಿ ಕಟ್ಟಿ, ಬೆಂಡ್ ತೆಗೆದು, ಸೈಕಲ್ಲಿಗೆ ಹಾಕಿ, ಒಂದು ಸಲ ಕಂಬ ಸುತ್ತಿ ಬರುವುದು. ಹೋಗುವಾಗ ಗಾಲಿ ಏನು ಹೇಳುತ್ತದೆಂದು ಕಿವಿ ಕೊಡುವುದು, ಬರುವಾಗ ಒಲೆಯ ಮೇಲೆ ಏನಿಟ್ಟು ಬಂದಿದ್ದೆನೆಂದು ನೆನಪಿಸಿಕೊಳ್ಳುವುದು. ದಿನಕ್ಕೆ ನಾಲ್ಕು ಸಲವೆಂದರೂ ಎರಡು ಮೂರು ದೇಶ ದಾಟಿ ಹೋಗುವಷ್ಟು ದೂರವಾಯಿತು. ಆದರೆ ಎಲ್ಲವೂ ಕಂಬದವರೆಗೆ.

ಗಂಡನದು ಸೈಕಲ್ ಅಂಗಡಿ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ, ನಡುವೆ ಒಂದು ಪರದೆ. ಪರದೆಯ ಈಚೆಗೆ, ಅಡುಗೆಮನೆಯ ಬಾಗಿಲಿಗೆ ಆತುಕೊಂಡಂತೆ, ಒಂದು ಮೋಟು ಸ್ಟೂಲು, ಗಾಲಿ ಕೂರಿಸುವ ಕಬ್ಬಿಣದ ಕವಲು, ಕಡ್ಡಿ ಬಿಗಿಯುವ ಪುಟ್ಟ ಕೀಲಿ. ಅದು ಅವಳ ಜಾಗ. ಗಿರಾಕಿ ಬಂದು ಗಾಲಿ ಕೇಳಿದರೆ ಗಂಡ, "ಒಳಗೆ ಕೊಟ್ಟಿದ್ದೀನಿ, ಸಂಜೆ ಬನ್ನಿ" ಎನ್ನುತ್ತಿದ್ದ. ಒಳಗೆ ಎಂದರೆ ಏನೆಂದು ಯಾರೂ ಕೇಳುತ್ತಿರಲಿಲ್ಲ. ಒಳಗೆ ಯಾವುದೋ ಯಂತ್ರವಿರಬೇಕೆಂದು ಕೆಲವರು ತಿಳಿದಿದ್ದರು. ಅಂಥ ಒಬ್ಬ ಗಿರಾಕಿ ಪರದೆ ಸರಿಸಿ ಇಣುಕಿ, ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ಸೌಟು ಹಿಡಿದಿದ್ದ ಅವಳನ್ನು ಕಂಡು, "ಯಜಮಾನರಿಲ್ವಾ?" ಎಂದು ಕೇಳಿ ಹಿಂದೆ ಸರಿದಿದ್ದ.

ಕೆಲಸ ಕಲಿಸಿದವಳು ಅತ್ತೆ. ಅವಳಿಗಿಂತ ಮುಂಚೆ ಆ ಸ್ಟೂಲಿನ ಮೇಲೆ ಕೂತಿದ್ದವಳೂ ಅತ್ತೆಯೇ. ಮದುವೆಯಾದ ಎರಡನೇ ವಾರ ಅತ್ತೆ ಸೊಸೆಯ ಬೆರಳು ಹಿಡಿದು ಕಡ್ಡಿಯನ್ನು ಮೀಟಿಸಿದ್ದಳು. "ಕೇಳು. ಬಿಗಿ ಹೆಚ್ಚಾದ ಕಡ್ಡಿ ಕಿರುಚುತ್ತೆ, ಸಡಿಲ ಇದ್ದದ್ದು ಗೊಣಗುತ್ತೆ. ಸರಿ ಇದ್ದದ್ದು ಮಾತ್ರ ಮಾತಾಡುತ್ತೆ. ಮನೇಲಿರೋ ಜನ ಹಾಗೇ ಅಂದ್ಕೋ." ಆ ಮೇಲೆ ಮೂವತ್ತಾರು ಕಡ್ಡಿಗಳನ್ನು ಗಾಳಿ ಹೊಡೆಯುವ ತೂತಿನ ಪಕ್ಕದಿಂದ ಎಣಿಸುತ್ತ ಹೋಗುವುದು, ಒಂದೊಂದಕ್ಕೂ ಕಾಲು ಸುತ್ತು, ಅರ್ಧ ಸುತ್ತು. ಎಣಿಕೆ ತಪ್ಪಿದರೆ ಮೊದಲಿನಿಂದ. ಎಣಿಕೆ ತಪ್ಪದಿರುವುದು ಹೇಗೆ? ಹಾಲು ಉಕ್ಕುತ್ತದೆ, ನೀರು ಬರುತ್ತದೆ, ಮಗು ಏಳುತ್ತದೆ, ಮುಂದಿನ ಕೋಣೆಯಿಂದ "ಎರಡು ಚಹಾ" ಎಂಬ ಕೂಗು ಬರುತ್ತದೆ. ಅದಕ್ಕೂ ಅತ್ತೆಯಲ್ಲೊಂದು ಉಪಾಯವಿತ್ತು. ಕುತ್ತಿಗೆಗೆ ಕೆಂಪು ಹೊಲಿಗೆ ದಾರದ ಉಂಡೆ ನೇತುಹಾಕಿಕೊಂಡಿರುತ್ತಿದ್ದಳು. "ಎದ್ದು ಹೋಗೋವಾಗ ಯಾವ ಕಡ್ಡಿಗೆ ಬಿಟ್ಟೆಯೋ ಅದಕ್ಕೆ ಒಂದು ದಾರ ಕಟ್ಟು. ಬಂದು ಅಲ್ಲಿಂದ ಶುರು ಮಾಡು. ಸತ್ತರೂ ಈ ಮನೇಲಿ ಒಂದು ಗಾಲೀನ ಒಂದೇ ಕೂತಲ್ಲಿ ಮುಗಿಸೋಕಾಗಲ್ಲ ನಿನಗೆ."

ದಾರ ಬಿಚ್ಚುವುದಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಹೀಗಾಗಿ ಅಂಗಡಿಯಿಂದ ಹೊರಟ ಪ್ರತಿ ಗಾಲಿಯ ಯಾವುದೋ ಕಡ್ಡಿಯ ಬುಡದಲ್ಲಿ ಒಂದು ಕೆಂಪು ದಾರ ಉಳಿದುಬಿಡುತ್ತಿತ್ತು. ನೆಂಟರು ಬಂದ ದಿನ ಒಂದೇ ಗಾಲಿಗೆ ಐದು ದಾರ ಬಿದ್ದದ್ದುಂಟು. ಆ ಗಾಲಿ ಕೊಂಡವನು ಇದು ಬಹಳ ಒಳ್ಳೆಯ ಮಾಲಿರಬೇಕೆಂದು ಹಿಗ್ಗಿ ಹೋದ.

ಊರಿನ ಕೆಳಗೆ ಹೊಳೆ ಹರಿಯುತ್ತದೆ. ಹೊಳೆಯ ದಂಡೆಯುದ್ದಕ್ಕೂ ಕಣಿವೆಯಲ್ಲೊಂದು ದಾರಿ. ಅದು ಇನ್ನೂರ ಎಪ್ಪತ್ತು ಕಿಲೋಮೀಟರ್ ನಿಧಾನವಾಗಿ ಬಳಸಿಕೊಂಡು ಹೋಗಿ ಗಡಿಯ ಕಬ್ಬಿಣದ ಸೇತುವೆಗೆ ಮುಟ್ಟುತ್ತದೆ. ಚಳಿ ಇಳಿದ ಮೇಲೆ ಸೈಕಲ್ಲಿಗೆ ಎರಡೂ ಕಡೆ ಚೀಲ ನೇತುಹಾಕಿಕೊಂಡು ಆ ದಾರಿಯಲ್ಲಿ ಹೋಗುವವರು ಎಲ್ಲೆಲ್ಲಿಂದಲೋ ಬರುತ್ತಾರೆ. ಹೊರಡುವ ಮುಂಚೆ ಗಾಲಿ ತೋರಿಸಿಕೊಳ್ಳಲು ಅವರಿಗೆ ಈ ಅಂಗಡಿಯೇ ಆಗಬೇಕು. ಹೋಗಿ ಬಂದವರು ಕಾಲು ಚಾಚಿ ಕೂತು ಗಂಡನಿಗೆ ಕಥೆ ಹೇಳುತ್ತಿದ್ದರು. ಪರದೆಯ ಈಚೆಗೆ ಅವಳು ಕಡ್ಡಿ ಮೀಟುತ್ತ ಕೇಳುತ್ತಿದ್ದಳು. ಹೊಳೆ ಕುದುರೆಲಾಳದಂತೆ ತಿರುಗುವ ಜಾಗ, ಅಲ್ಲೊಂದು ಚಪ್ಪಟೆ ಬಂಡೆ. ಹಳೆಯ ಹಿಟ್ಟಿನ ಗಿರಣಿ. ಆಚೆ ದಂಡೆಯೇ ಬೇರೆ ದೇಶವಾಗುವ ಕೊನೆಯ ಎಂಬತ್ತು ಕಿಲೋಮೀಟರ್. ಅರ್ಧ ಹಸಿರು ಅರ್ಧ ನೀಲಿ ಬಣ್ಣದ ಸೇತುವೆ. ಆ ದಾರಿಯ ಒಂದೊಂದು ತಿರುವೂ ಅವಳಿಗೆ ಬಾಯಿಪಾಠವಾಗಿತ್ತು. ಕಣ್ಣಿಂದ ಒಂದನ್ನೂ ಕಂಡಿರಲಿಲ್ಲ.

ಹೀಗಿರುವಾಗ ಹಿಂದಿನ ವರ್ಷ ಯಾರೋ ಪ್ರವಾಸಿ ಸೇತುವೆಯ ಚಿತ್ರದ ಕಾರ್ಡು ಕಳಿಸಿದ. "ಒಂದು ಕಡ್ಡಿಯೂ ಅಲುಗಲಿಲ್ಲ. ನಿಮ್ಮ ಕೈಗೆ ನಮಸ್ಕಾರ" ಎಂದು ಬರೆದಿತ್ತು. ಗಂಡ ಅದನ್ನು ಅಂಗಡಿಯ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿದ. ಅವಳಿಗೂ ತೋರಿಸಿದ. "ನೋಡು, ನನ್ನ ಕೈಗೆ ನಮಸ್ಕಾರ ಅಂತೆ!"

ಅವನಲ್ಲಿ ಕಪಟವಿರಲಿಲ್ಲ. ಅವಳನ್ನು ಕೆಣಕಿದ್ದೂ ಅದೇ. ಅವನು ನಿಜವಾಗಿಯೂ ಹಾಗೆಂದೇ ನಂಬಿದ್ದ.

ಅಂದು ಊಟಕ್ಕೆ ಕೂತಾಗ ಅವಳು, "ಬರೋ ವರ್ಷ ನಾನು ಹೊಳೆ ದಾರಿಯಲ್ಲಿ ಸೇತುವೆವರೆಗೆ ಹೋಗ್ತೀನಿ" ಎಂದಳು.

"ಯಾರ ಜೊತೆ?"

"ಸೈಕಲ್ ಜೊತೆ."

ಗಂಡ ತುತ್ತು ಕೈಯಲ್ಲೇ ಹಿಡಿದು ಅತ್ತೆಯ ಕಡೆ ನೋಡಿದ. ಎಂಬತ್ತೆರಡರ ಅತ್ತೆಗೆ ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು. "ನನ್ನನ್ನೇನು ನೋಡ್ತೀಯ? ನಾನೇನು ಅವಳ ಬ್ರೇಕಾ?" ಎಂದಳು.

"ಐವತ್ತಾರು ವರ್ಷ ಆಯ್ತು ಇವಳಿಗೆ!"

"ಅದಕ್ಕೇ ಹೋಗ್ತಾಳಂತೆ. ಎಂಬತ್ತಾರಾಗಲಿ ಅಂತ ಕಾಯೋಕಾಗುತ್ತಾ?"

ಗಂಡ ನಕ್ಕು ಮರೆತುಬಿಟ್ಟ. ಅವಳು ಮರೆಯಲಿಲ್ಲ. ಹಳೆಯದೊಂದು ಚೌಕಟ್ಟು ತೆಗೆದು ತಿಕ್ಕಿ ಬಣ್ಣ ಹೊಡೆದಳು. ಬೆಳಿಗ್ಗೆ ಹಾಲಿಗೆ ಹೋಗುವಾಗ ಕಂಬ ದಾಟಿದಳು. ಮೊದಲ ದಿನ ಹಿಂದಿನಿಂದ ಯಾರೋ ಕರೆಯುತ್ತಾರೇನೋ ಎಂದು ತಿರುಗಿ ತಿರುಗಿ ನೋಡಿದಳು. ಯಾರೂ ಕರೆಯಲಿಲ್ಲ. ಮಾರನೇ ದಿನ ಊರೊಳಗಿನ ಗಿರಣಿ ರಸ್ತೆ, ತಿಂಗಳಾದ ಮೇಲೆ ಊರಾಚೆಯ ದಿಣ್ಣೆ. ಸೇತುವೆ ದಾಟಲು ಕಣಿವೆಯ ಜನಕ್ಕೆ ಒಂದು ದಿನದ ಪಾಸು ಕೊಡುತ್ತಾರೆ. ಕಚೇರಿಯಲ್ಲಿ ಅರ್ಜಿ ಬರೆದುಕೊಡುವವನು ಅವಳನ್ನು ಕೇಳದೆಯೇ ಉದ್ಯೋಗದ ಮುಂದೆ 'ಗೃಹಿಣಿ' ಎಂದು ಬರೆದುಕೊಂಡ. ಪಾಸು ಒಂದೇ ತಾರೀಖಿನದು, ಸಂಜೆ ಐದರೊಳಗೆ ದಾಟಬೇಕು. ಆ ತಾರೀಖು ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ಮುಂದಿನ ವರ್ಷ. ಅವಳು ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ ಹಿಂದಕ್ಕೆ ಹನ್ನೊಂದು ದಿನ ಎಣಿಸಿದಳು. ಓಡುವವರು ನಾಲ್ಕೇ ದಿನದಲ್ಲಿ ಮುಗಿಸುತ್ತಿದ್ದರು. ಓಡಿ ಓಡಿ ಅವಳಿಗೆ ಸಾಕಾಗಿತ್ತು. ಹತ್ತು ದಿನ ತುಳಿಯುವುದು, ಒಂದು ದಿನ ಆ ಕುದುರೆಲಾಳದ ತಿರುವಿನಲ್ಲಿ, ಚಪ್ಪಟೆ ಬಂಡೆಯ ಮೇಲೆ, ಸುಮ್ಮನೆ ಕೂರುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ. ಅಂಥ ಒಂದು ದಿನ ತನ್ನ ಬಾಳಿನಲ್ಲಿ ಇತ್ತೇ ಎಂದು ನೆನಪಿಸಿಕೊಂಡರೆ ಹೆರಿಗೆಯಾದ ಮಾರನೇ ದಿನವೂ ಲೆಕ್ಕಕ್ಕೆ ಬರಲಿಲ್ಲ. ಅಂದು ಬಟ್ಟೆ ಮಡಿಸಿದ್ದಳು.

ಗಾಲಿಗಳನ್ನು ಕೊನೆಗೆ ಕಟ್ಟಿದಳು. ಗಂಡ ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ ದಿನ ಬಾಗಿಲಿಗೆ ಚಿಲಕ ಹಾಕಿ, ಒಲೆ ಹಚ್ಚದೆ, ಸ್ಟೂಲಿನ ಮೇಲೆ ಕೂತಳು. ಫೋನ್ ಬಡಿದುಕೊಂಡಿತು, ಏಳಲಿಲ್ಲ. ಯಾರೋ ಬಾಗಿಲು ತಟ್ಟಿ ತಟ್ಟಿ ಹೋದರು. ಮೂರೂವರೆ ಗಂಟೆಯಲ್ಲಿ ಎರಡೂ ಗಾಲಿ ಮುಗಿದವು. ತಿರುಗಿಸಿ ಬಿಟ್ಟರೆ ರಿಮ್ಮು ನಿಂತಿದೆಯೋ ತಿರುಗುತ್ತಿದೆಯೋ ಗೊತ್ತಾಗದಷ್ಟು ನೇರ. ಎರಡಕ್ಕೂ ಒಂದು ದಾರವೂ ಬಿದ್ದಿರಲಿಲ್ಲ. ಬೆರಳಿಂದ ಕಡ್ಡಿಗಳನ್ನು ಸವರುತ್ತ ಅವಳು ಬಹಳ ಹೊತ್ತು ಹಾಗೇ ಕೂತಿದ್ದಳು.

ಹೊರಡುವ ಹಿಂದಿನ ದಿನ ಅವಳ ಕೈ ಅಭ್ಯಾಸಬಲದಿಂದ ದೊಡ್ಡ ಪಾತ್ರೆಗಳತ್ತ ಹೋಯಿತು. ಅದು ಕೆಡುವುದಿಲ್ಲ ಇದು ಕೆಡುವುದಿಲ್ಲ ಎಂದು ಲೆಕ್ಕ ಹಾಕತೊಡಗಿದಾಗ ಅತ್ತೆ ಕೋಲಿನಿಂದ ನೆಲ ಕುಟ್ಟಿದಳು. "ಹನ್ನೊಂದು ದಿನದ ಅಡುಗೆ ಮಾಡಿಟ್ಟು ಹೋಗೋದಾದರೆ ಹೋಗಬೇಡ. ಇಲ್ಲೇ ಇರು."

"ಅವರಿಗೆ ಅನ್ನ ಮಾಡೋಕೂ ಬರಲ್ಲ ಅತ್ತೆ."

"ನಾನು ಕಲಿಸ್ತೀನಿ. ಹೆತ್ತಾಗಲೇ ಕಲಿಸಬೇಕಿತ್ತು, ನನ್ನ ತಪ್ಪು."

ಅಂದು ಸಂಜೆ ಅವಳು ಚೀಲ ತುಂಬುತ್ತಿದ್ದಾಗ ಗಂಡ ಅಂಗಡಿಯಲ್ಲಿ ಒಬ್ಬನೇ ಇದ್ದ. ಅವಳ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ. ಆಮೇಲೆ ಅವನು ಮಾಡಿದ್ದು ಅವಳಿಗೆ ತಿಳಿಯಲು ಏಳು ದಿನ ಬೇಕಾಯಿತು.

ಮೊದಲ ಆರು ದಿನ ಹೇಳುವುದಕ್ಕೇನಿಲ್ಲ. ಅಷ್ಟು ಚೆನ್ನಾಗಿದ್ದವು. ಬೆಳಿಗ್ಗೆ ಎದ್ದು ತನಗೊಬ್ಬಳಿಗೇ ಚಹಾ ಕುಡಿಯುವುದು, ಬೇರೆ ಯಾರೋ ಮಾಡಿದ ಚಹಾ. ಹೊಳೆಯ ಮೇಲಿನ ಮಂಜು ಕರಗುವವರೆಗೆ ಕಾದು ಹೊರಡುವುದು. ಗಂಟೆಗೊಮ್ಮೆ ಇಳಿದು, ಕಾರಣವಿಲ್ಲದೆ ನಿಲ್ಲುವುದು. ಬಣ್ಣ ಬಣ್ಣದ ಬಟ್ಟೆ ತೊಟ್ಟ ಹುಡುಗ ಹುಡುಗಿಯರು ಬಾಣದಂತೆ ಹಾದುಹೋಗುತ್ತ, "ಅಮ್ಮಾ, ತಳ್ಳಬೇಕಾ?" ಎಂದು ಕೂಗುತ್ತಿದ್ದರು. "ಬೇಡಪ್ಪ, ನೀವು ಮುಂದೆ ಹೋಗಿ ದಾರಿ ಗುಡಿಸಿ" ಎಂದು ಅವಳೂ ಕೂಗುತ್ತಿದ್ದಳು.

ದಿನಕ್ಕೆರಡು ಸಲ ಗಂಡನ ಫೋನು. ಹೇಗಿದ್ದೀಯ ಎಂದು ಒಮ್ಮೆ ಶುರುವಾಗಿ, ಅದು ಎಲ್ಲಿದೆ ಎಂಬಲ್ಲಿ ಮುಗಿಯುತ್ತಿತ್ತು. ಸಕ್ಕರೆ ಡಬ್ಬ ಎಲ್ಲಿದೆ? ಅಮ್ಮನ ಮಾತ್ರೆ ಯಾವುದು ಮೊದಲು? ನನ್ನ ಒಳಂಗಿಗಳು ಎಲ್ಲಿವೆ? "ನಾನು ಬಂದಾಗಿನಿಂದ ಇದ್ದ ಜಾಗದಲ್ಲೇ ಇವೆ ರೀ" ಎನ್ನುತ್ತಿದ್ದಳು. ನಾಲ್ಕನೇ ದಿನ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಫೋನ್ ಇಡೋ, ಅವಳು ತುಳೀಲಿ. ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡು, ಸಕ್ಕರೆಯೋ ಉಪ್ಪೋ ತಿಳಿಯುತ್ತೆ."

ಒಂದೇ ಒಂದು ವಿಷಯ ಕಿವಿಗೆ ಕಿರಿಕಿರಿ ಮಾಡುತ್ತಿತ್ತು. ಹಿಂದಿನ ಗಾಲಿಯಿಂದ ಸಣ್ಣದೊಂದು ಟಿಕ್, ಟಿಕ್. ಭಾರಕ್ಕೆ ಇರಬೇಕೆಂದುಕೊಂಡಳು. ಬೇರೆಯವರ ಗಾಲಿಯಾಗಿದ್ದರೆ ಇಳಿದು ನೋಡುತ್ತಿದ್ದಳು. ತಾನು ಒಂದೇ ಕೂತಲ್ಲಿ ಕಟ್ಟಿದ ಗಾಲಿಯ ಮೇಲೆ ಅನುಮಾನಪಡಲು ಮನಸ್ಸು ಬರಲಿಲ್ಲ.

ಏಳನೇ ದಿನ ಮಧ್ಯಾಹ್ನ ಕಲ್ಲುದಾರಿಯ ಇಳಿಜಾರಿನಲ್ಲಿ ಪಟ್ ಎಂದಿತು. ಹತ್ತು ಮಾರು ಹೋಗುವಷ್ಟರಲ್ಲಿ ಇನ್ನೊಂದು ಪಟ್. ಗಾಲಿ ಹಾವಿನಂತೆ ಓಲಾಡಿ ಚೌಕಟ್ಟಿಗೆ ಉಜ್ಜಿ ನಿಂತುಹೋಯಿತು. ಅವಳು ಬೀಳಲಿಲ್ಲ. ಇಳಿದು, ಚೀಲಗಳನ್ನು ಬಿಚ್ಚಿ, ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದಳು. ಚೈನಿನ ಕಡೆಯ ಎರಡು ಕಡ್ಡಿ ಬುಡದಲ್ಲೇ ತುಂಡಾಗಿದ್ದವು. ಉಳಿದವನ್ನು ಮೀಟಿದಳು. ಒಂದೊಂದೂ ಕಿರುಚಿತು. ಒಂದರ ದನಿ ಇನ್ನೊಂದಕ್ಕೆ ಹೊಂದಲಿಲ್ಲ.

ಇದು ತನ್ನ ಕೈಯಲ್ಲವೆಂದು ಅವಳಿಗೆ ಆ ಗಳಿಗೆಯೇ ಗೊತ್ತಾಯಿತು. ಬಗ್ಗಿ ನೋಡಿದಾಗ, ಇಷ್ಟು ದಿನ ಚೀಲದ ಮರೆಯಲ್ಲಿದ್ದ ಒಂದು ಕೆಂಪು ದಾರ ಕಾಣಿಸಿತು. ಅವಳ ಹೊಲಿಗೆ ಡಬ್ಬಿಯದೇ. ಗಂಟು ಮಾತ್ರ ಚೀಲಕ್ಕೆ ಹಾಕುವಂಥ ದಪ್ಪನೆಯ ಗಂಟು.

ಫೋನ್ ಮಾಡಿದಳು. "ಏನ್ರೀ, ನನ್ನ ಹಿಂದಿನ ಗಾಲಿ ಮುಟ್ಟಿದ್ರಾ?"

"ಹೂಂ. ಯಾಕೆ?" ಗಂಡನ ದನಿಯಲ್ಲಿ ಹೆಮ್ಮೆಯೇ ಇತ್ತು. "ಹೊರಡೋ ಹಿಂದಿನ ದಿನ ನೋಡ್ತೀನಿ, ದಾರಾನೇ ಇಲ್ಲ! ಮುಗಿಸೋಕೆ ಮರೆತಿದ್ದೀಯ ಅಂದ್ಕೊಂಡೆ. ಅಷ್ಟು ದೂರದ ದಾರಿ, ಹೆಂಗಸು ಒಬ್ಬಳೇ. ಕೂತು ಒಂದೊಂದು ಕಡ್ಡಿಗೂ ಚೆನ್ನಾಗಿ ಬಿಗಿ ಕೊಟ್ಟೆ. ಆಮೇಲೆ ದಾರಾನೂ ಕಟ್ಟಿದೆ. ನಿನಗೆ ಹೇಳಲಿಲ್ಲ, ಸುಮ್ಮನೆ ಬೇಜಾರು ಮಾಡ್ಕೋತೀಯ ಅಂತ."

"ಮುಂದಿನ ಗಾಲಿ?"

"ಅಷ್ಟರಲ್ಲಿ ಊಟಕ್ಕೆ ಕರೆದೆ ನೀನು."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂವತ್ತೊಂದು ವರ್ಷ ಪಕ್ಕದಲ್ಲೇ ಇದ್ದು, ದಾರವೆಂದರೆ ಕೆಲಸ ಮುಗಿದ ಗುರುತೆಂದು ಈ ಮನುಷ್ಯ ತಿಳಿದಿದ್ದ. ಅವಳ ಬಾಳಿನಲ್ಲಿ ಒಂದೇ ಕೂತಲ್ಲಿ ಮುಗಿದದ್ದು ಅವೆರಡೇ ಗಾಲಿ. ಅದರಲ್ಲೊಂದನ್ನು ಅರ್ಧವಾಗಿದೆಯೆಂದು ಬಿಗಿದು ಕೂರಿಸಿದ್ದ.

"ಎರಡು ಕಡ್ಡಿ ಮುರಿದಿವೆ. ಗಾಲಿ ಕೂತುಬಿಟ್ಟಿದೆ."

ಗಂಡ ಮೆಲ್ಲಗೆ ಹೇಳಿದ, "ಒಳ್ಳೇದೇ ಆಯ್ತು ಬಿಡು. ಸೈಕಲ್ಲನ್ನ ಬಸ್ಸಿನ ಮೇಲೆ ಹಾಕಿಸಿ ಬಾ. ಏಳು ದಿನ ಹೋದದ್ದು ಕಮ್ಮಿಯಾ? ಇಲ್ಲಿ ಹನ್ನೆರಡು ಜನರ ಗುಂಪು ಬಂದಿದೆ, ಗಾಲಿ ಎಲ್ಲಾ ಒಳಗೇ ಕೂತಿವೆ. ಅಮ್ಮನೂ ನಿನ್ನ ಕೇಳ್ತಾಳೆ."

"ಅತ್ತೆಗೆ ಕೊಡಿ ಫೋನು."

ಅತ್ತೆ ಬಂದಳು. "ನಾನೇನೂ ಕೇಳಿಲ್ಲ ಕಣಮ್ಮ. ಇವನೇ ದಿನಾ ಬಾಗಿಲು ನೋಡ್ತಾ ಕೂತಿದ್ದಾನೆ. ಎಷ್ಟು ಕಡ್ಡಿ ಹೋದವು?"

"ಎರಡು."

"ಚೌಕಟ್ಟಿಗೆ ಕಟ್ಟಿಕೊಂಡು ಹೋದ ಬಿಡಿ ಕಡ್ಡಿ ಎಷ್ಟು?"

"ಆರು."

"ಮತ್ತೆ ನನ್ನ ಹತ್ತಿರ ಏನು ಮಾತು?" ಎಂದು ಅತ್ತೆ ಫೋನ್ ಇಟ್ಟುಬಿಟ್ಟಳು.

ದಾರಿಯಲ್ಲಿ ಆ ಹೊತ್ತಿಗೆ ಒಂದು ಬಸ್ಸು ಬಂದದ್ದು ನಿಜ. ಚಾಲಕ ನಿಧಾನ ಮಾಡಿ, ಮೇಲೆ ಜಾಗವಿದೆ ಎಂದು ಕೈಸನ್ನೆ ಮಾಡಿದ. ಅವಳು ತಲೆಯಾಡಿಸಿದಳು. ಬಸ್ಸು ಹೋಯಿತು. ಚೈನಿನ ಕಡೆಯ ಕಡ್ಡಿ ಹಾಕಬೇಕಾದರೆ ಮೊದಲು ಹಲ್ಲಿನ ಚಕ್ರ ಬಿಚ್ಚಬೇಕು. ಅದರ ಪಾನಾ ಅವಳಲ್ಲಿರಲಿಲ್ಲ. ಮುಂದಿನ ಊರು ಒಂಬತ್ತು ಕಿಲೋಮೀಟರ್. ಚೀಲಗಳನ್ನು ಮುಂದಿನ ಹ್ಯಾಂಡಲಿಗೆ ನೇತುಹಾಕಿ, ಕ್ಯಾರಿಯರ್ ಹಿಡಿದು ಹಿಂದಿನ ಗಾಲಿಯನ್ನು ನೆಲ ಬಿಡಿಸಿ ಎತ್ತಿಕೊಂಡು, ಮುಂದಿನ ಗಾಲಿಯ ಮೇಲೆ ನಡೆಸುತ್ತ ಹೊರಟಳು. ನೂರು ಹೆಜ್ಜೆಗೊಮ್ಮೆ ಕೈ ಬದಲಿಸುತ್ತಿದ್ದಳು. ತುಂಬಿದ ಬಿಂದಿಗೆ, ಒದ್ದೆ ಬಟ್ಟೆಯ ಬುಟ್ಟಿ, ನಿದ್ದೆ ಹೋದ ಮಗು, ಹಾಸಿಗೆ ಹಿಡಿದಿದ್ದ ಮಾವ ಎಲ್ಲವನ್ನೂ ಎತ್ತಿ ಇಳಿಸಿದ ಕೈ. ಅವೆಲ್ಲಕ್ಕಿಂತ ಇದು ಹಗುರ ಎಂದು ತನಗೆ ತಾನೇ ಹೇಳಿಕೊಂಡಳು. ಐದನೇ ಕಿಲೋಮೀಟರಿಗೆ ಅದು ಸುಳ್ಳೆಂದು ಗೊತ್ತಾಯಿತು. ಆದರೂ ನಡೆದಳು. ಊರು ಸೇರಿ, ಸಿಕ್ಕ ವಸತಿಯಲ್ಲಿ ಬಟ್ಟೆ ಬದಲಿಸದೆ ಮಲಗಿದಳು.

ಬೆಳಿಗ್ಗೆ ಸೈಕಲ್ ಅಂಗಡಿಯವನು ಗಾಲಿ ನೋಡಿ ನಾಲಿಗೆ ಲೊಚಗುಟ್ಟಿದ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಕಿವಿಯ ಮೇಲೊಂದು ಪೆನ್ಸಿಲು. "ಬಿಟ್ಟು ಹೋಗಿ ಅಮ್ಮ. ನಾಲ್ಕು ದಿನ ಆಗುತ್ತೆ."

"ನಾಲ್ಕನೇ ದಿನ ನಾನು ಸೇತುವೆ ದಾಟಬೇಕು. ಹಲ್ಲಿನ ಚಕ್ರ ಬಿಚ್ಚೋ ಪಾನಾ ಕೊಡಿ, ಕೂರೋಕೊಂದು ಸ್ಟೂಲು ಕೊಡಿ. ನಾನೇ ಮಾಡ್ಕೋತೀನಿ."

ಅವನು ಅವಳ ನರೆಗೂದಲಿನಿಂದ ಚಪ್ಪಲಿಯವರೆಗೆ ನೋಡಿದ. "ಅಮ್ಮಾ, ಇದು ಕುಕ್ಕರಿನ ರಬ್ಬರ್ ಹಾಕಿದ ಹಾಗಲ್ಲ."

"ಅದನ್ನೂ ಹಾಕಿದ್ದೀನಪ್ಪ. ಅದು ಕಷ್ಟ. ಹಾಕೋವಾಗ ನಾಲ್ಕು ಜನ ಊಟಕ್ಕೆ ಕಾಯ್ತಿರ್ತಾರೆ."

ಅವನು ನಕ್ಕು ಪಾನಾ ಕೊಟ್ಟ. ಆಟ ನೋಡೋಣವೆಂದು ಬಾಗಿಲಿಗೆ ಒರಗಿ ನಿಂತ. ಅವಳು ಎಲ್ಲ ಕಡ್ಡಿಗಳನ್ನೂ ಸಡಿಲ ಮಾಡಿ, ಮುರಿದ ಎರಡನ್ನು ಬದಲಿಸಿ, ತೂತಿನ ಪಕ್ಕದಿಂದ ಎಣಿಸತೊಡಗಿದಳು. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಅವನು ಒರಗಿದ್ದವನು ನೆಟ್ಟಗಾದ. ಎರಡನೇ ಸುತ್ತಿನಲ್ಲಿ ಹತ್ತಿರ ಬಂದು ಕುಕ್ಕುರುಗಾಲಿನಲ್ಲಿ ಕೂತ. ಅವಳು ಮೀಟಿದಾಗಲೆಲ್ಲ ಅವನ ತಲೆ ಕೊಕ್ಕರೆಯಂತೆ ಓರೆಯಾಗುತ್ತಿತ್ತು.

"ಎಲ್ಲಿ ಕಲಿತ್ರಿ?"

"ಮನೇಲಿ."

ಆಗ ಅವಳು ತಲೆಯೆತ್ತಿ ಅಂಗಡಿಯ ಗೋಡೆ ನೋಡಿದಳು. ಸಾಲಾಗಿ ನೇತುಹಾಕಿದ್ದ ಹತ್ತು ಹದಿನೈದು ಗಾಲಿಗಳು. ಪ್ರತಿಯೊಂದಕ್ಕೂ ಒಂದು ಕೆಂಪು ದಾರ. ತನ್ನ ಗಾಲಿಗಳು ಇಷ್ಟೊಂದು ಇಲ್ಲಿಗೆ ಹೇಗೆ ಬಂದವೆಂದು ಬೆರಗಾದಳು. ಆಮೇಲೆ ನೋಡಿದರೆ ಗಂಟುಗಳು ಬೇರೆ.

"ಆ ದಾರ ಯಾರು ಕಟ್ಟಿದ್ದು?"

"ನಾನೇ. ಹೊಳೆ ಮೇಲ್ಗಡೆ ಊರಲ್ಲಿ ಒಬ್ಬರು ಉಸ್ತಾದ್ ಇದ್ದಾರೆ, ಅವರ ಗುರುತು ಅದು. ಅವರ ಗಾಲಿ ಹಾಕಿಸ್ಕೊಂಡೋರು ಯಾರೂ ನನ್ನ ಅಂಗಡಿಗೆ ಬರೋದೇ ಇಲ್ಲ, ಹಾಳಾದ್ರೆ ತಾನೆ! ಈಗ ಈ ಕಣಿವೇಲಿ ದಾರ ಇಲ್ದಿದ್ರೆ ಗಿರಾಕಿ ಗಾಲಿ ಮುಟ್ಟಲ್ಲ. ನಾವೂ ಕಟ್ತೀವಿ. ಮುಂದಿನ ಊರಿನೋನು ಎರಡು ಕಟ್ತಾನೆ, ಕಳ್ಳ."

ಅವಳಿಗೆ ನಗು ತಡೆಯಲಾಗಲಿಲ್ಲ. ಕೀಲಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು ಹೇಳಿದಳು, "ಆ ಉಸ್ತಾದ್ ನನ್ನ ಗಂಡ. ಗಾಲಿ ಕಟ್ಟೋದು ನಾನು. ಅದಕ್ಕೂ ಮುಂಚೆ ನಮ್ಮತ್ತೆ. ದಾರ ಗುರುತೂ ಅಲ್ಲ, ಗಿರುತೂ ಅಲ್ಲ. ಕೆಲಸದ ಮಧ್ಯ ಯಾರಾದ್ರೂ ಕೂಗಿದ್ರೆ, ಎಲ್ಲಿಗೆ ಬಿಟ್ಟೆ ಅಂತ ಮರೆತುಹೋಗಬಾರದು ಅಂತ ಕಟ್ಟೋದು."

ಅಂಗಡಿಯವನು ಗೋಡೆಯ ಕಡೆ ತಿರುಗಿ, ತನ್ನ ಗಾಲಿಗಳನ್ನು ಒಂದೊಂದಾಗಿ ನೋಡಿದ. "ಹಾಗಾದ್ರೆ ನಾನು ಇಷ್ಟು ವರ್ಷ ಕಟ್ಟಿದ್ದೇನು?"

"ನಮ್ಮನೆ ಹಾಲು ಉಕ್ಕಿದ್ದು, ಚಹಾ ಕೇಳಿದ್ದು, ಮಗು ಅತ್ತಿದ್ದು."

ಅವನಿಗೆ ಏನನ್ನಿಸಿತೋ, ಎದ್ದು ಒಳಗೆ ಹೋದ. ಒಳಬಾಗಿಲಿನ ಆಚೆ ಪಾತ್ರೆಗಳ ಸದ್ದು ನಿಂತು ಹೆಂಗಸೊಬ್ಬಳ ದನಿ, "ನೀವ್ಯಾಕೆ ಬಂದ್ರಿ? ಏನು ಬೇಕಿತ್ತು?" ಎಂದು ಕೇಳಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವನೇ ಎರಡು ಲೋಟ ಚಹಾ ಹಿಡಿದುಕೊಂಡು ಬಂದ. ಒಂದರಲ್ಲಿ ಅರ್ಧ ತುಳುಕಿತ್ತು.

ಮಧ್ಯಾಹ್ನ ಮೂರಕ್ಕೆ ಗಾಲಿ ಮುಗಿಯಿತು. ಒಂದೇ ಕೂತಲ್ಲಿ. ಗಂಡನ ದಪ್ಪ ಗಂಟಿನ ದಾರ ಬಿಚ್ಚಿ ಎಸೆಯಲು ಹೋದವಳು, ಎಸೆಯದೆ ಮಡಿಚಿ ಚೀಲದಲ್ಲಿಟ್ಟುಕೊಂಡಳು. ಅಂಗಡಿಯವನು ಗಾಲಿಯನ್ನು ತಾನೇ ತಿರುಗಿಸಿ, ರಿಮ್ಮಿನ ಪಕ್ಕ ಉಗುರು ಹಿಡಿದು ನೋಡಿದ. "ಗಿರಾಕಿಗಳಿಗೆ ಈಗ ಏನು ಹೇಳಲಿ?"

"ನಿಜ ಹೇಳಿ."

"ನಂಬ್ತಾರಾ?"

"ಇಲ್ಲ," ಎಂದು ಅವಳು ಚೀಲ ಏರಿಸಿದಳು. "ಆದ್ರೂ ಹೇಳಿ."

ಲೆಕ್ಕ ಹಾಕಿದಳು. ಹೋದದ್ದು ಒಂದು ದಿನ, ಕೂರುವ ದಿನ. ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕಳೆಯಬೇಕಾಗಿದ್ದ ದಿನವನ್ನು ಗಂಡ ಒಳ್ಳೆಯ ಮನಸ್ಸಿನಿಂದ, ಕೇಳದೆ, ಬಿಗಿದು ಮುರಿದಿದ್ದ. ಆ ಸಿಟ್ಟು ಮೂರು ದಿನ ಅವಳ ಕಾಲಿಗೆ ಕಸುವು ಕೊಟ್ಟಿತು. ಕುದುರೆಲಾಳದ ತಿರುವು ಬಂದಾಗ ಬಂಡೆಯನ್ನು ಕಂಡಳು. ಕೇಳಿದ್ದಕ್ಕಿಂತ ಅದು ಸಣ್ಣದು, ಅದರ ಮೇಲೆ ಯಾರೋ ಒಗೆದ ಬಟ್ಟೆ ಹರವಿದ್ದರು. ಹತ್ತು ನಿಮಿಷ ಬಟ್ಟೆಗಳ ನಡುವೆ ಕೂತು ಎದ್ದಳು. ಆಮೇಲಿನ ದಾರಿಯಲ್ಲಿ ಆಚೆ ದಂಡೆಯೇ ಬೇರೆ ದೇಶ. ನಡುವೆ ಹರಿಯುವ ನೀರು ಯಾರದೆಂದು ನೀರಿಗೆ ಗೊತ್ತಿದ್ದಂತಿರಲಿಲ್ಲ. ಅಲ್ಲಿಯೂ ಒಬ್ಬ ಹೆಂಗಸು ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದಳು. ಎರಡು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು, ಮೊಣಕಾಲಿಂದ ಮಗುವೊಂದನ್ನು ತಡೆಯುತ್ತ. ಇವಳು ಕೈಬೀಸಿದಳು. ಆ ಹೆಂಗಸಿನ ಎರಡೂ ಕೈ ತುಂಬಿದ್ದವು. ಗದ್ದ ಎತ್ತಿ ಉತ್ತರ ಕೊಟ್ಟಳು.

ಹನ್ನೊಂದನೇ ದಿನ ಮೂರೂಮುಕ್ಕಾಲಿಗೆ ಸೇತುವೆ ಕಾಣಿಸಿತು. ಅರ್ಧ ಹಸಿರು, ಅರ್ಧ ನೀಲಿ. ಕಾರ್ಡಿನಲ್ಲಿ ಕಾಣದ ತುಕ್ಕು ಎರಡೂ ಅರ್ಧಕ್ಕೆ ಒಂದೇ ಬಣ್ಣದ್ದು. ಕಾವಲಿನ ಗೂಡಿನಲ್ಲಿದ್ದ ಸಮವಸ್ತ್ರದ ಹೆಂಗಸು ಪಾಸು ತಿರುಗಿಸಿ ನೋಡಿದಳು. ಆಮೇಲೆ, ಎಣ್ಣೆ ಮೆತ್ತಿ ಉಗುರು ಕಪ್ಪಾಗಿದ್ದ ಕೈ ನೋಡಿದಳು. "ಗೃಹಿಣಿ ಅಂತಿದೆ. ಕೈ ನೋಡಿದ್ರೆ ಹಾಗೆ ಕಾಣಲ್ಲ."

"ಗೃಹಿಣಿಯರ ಕೈ ನೀವು ಸರಿಯಾಗಿ ನೋಡಿಲ್ಲ ಮೇಡಂ. ಆದ್ರೂ ಅದು ಅರ್ಧ ಕೆಲಸ. ಇನ್ನರ್ಧ, ಗಾಲಿ ಕಟ್ಟೋದು. ಅಲ್ಲಿ ಬರ್ಕೊಳ್ಳೋಕೆ ಜಾಗ ಇದೆಯಾ?"

ಕಾವಲಿನವಳು ಪಾಸನ್ನು ಮತ್ತೊಮ್ಮೆ ನೋಡಿ, ಪೆನ್ನು ತೆಗೆದು, ಗೃಹಿಣಿ ಎಂಬುದರ ಪಕ್ಕ ಇದ್ದ ಇಕ್ಕಟ್ಟಿನಲ್ಲೇ ಏನೋ ಬರೆದು ಮುದ್ರೆ ಒತ್ತಿದಳು.

ಸೇತುವೆಯ ಹಸಿರು ಭಾಗದ ನಡುವಿನಲ್ಲಿದ್ದಾಗ ಫೋನು ಬಡಿದುಕೊಂಡಿತು. ಗಂಡ. ಈ ಸಲ ಹೇಗಿದ್ದೀಯ ಎಂಬುದೂ ಇರಲಿಲ್ಲ.

"ಲೇ, ಈ ಹನ್ನೆರಡು ಜನರ ಗಾಲಿ ಕಟ್ಟೋಕೆ ನಾನೇ ಕೂತಿದ್ದೀನಿ. ಅಮ್ಮ ಪಕ್ಕದಲ್ಲಿ ಕೋಲು ಹಿಡ್ಕೊಂಡು ಕೂತಿದ್ದಾಳೆ. ಇಪ್ಪತ್ತರವರೆಗೆ ಎಣಿಸಿರ್ತೀನಿ, ಅನ್ನ ಸೀದ ವಾಸನೆ. ಓಡಿ ಹೋಗಿ ಬಂದ್ರೆ ಎಲ್ಲಿಗೆ ಬಿಟ್ಟೆ ಅಂತಾನೇ ಗೊತ್ತಾಗಲ್ಲ. ಮತ್ತೆ ಶುರು ಮಾಡ್ತೀನಿ, ನೀರು ಬಂತು ಅಂತಾಳೆ. ಮತ್ತೆ ಮೊದಲಿಂದ. ಬೆಳಿಗ್ಗೆಯಿಂದ ಇದೇ ಒಂದು ಗಾಲಿ! ನೀನು ಹೇಗೆ ಮಾಡ್ತಿದ್ದೆ?"

ಅವಳು ಕಂಬಿಗೆ ಸೈಕಲ್ ಒರಗಿಸಿದಳು. "ಅತ್ತೆ ಹೇಳಲಿಲ್ವಾ?"

"ಕೇಳಿದೆ. ನಿನ್ನ ಹೆಂಡತೀನೇ ಕೇಳು ಅಂತಾಳೆ."

"ಕುತ್ತಿಗೆಗೆ ದಾರದ ಉಂಡೆ ಹಾಕ್ಕೊಳ್ಳಿ ರೀ. ಎದ್ದು ಹೋಗೋವಾಗ ಯಾವ ಕಡ್ಡಿಗೆ ಬಿಟ್ರೋ ಅದಕ್ಕೆ ಒಂದು ದಾರ ಕಟ್ಟಿ."

ಆಚೆ ಕಡೆಯಿಂದ ಗಾಲಿಯೊಂದು ತಿರುಗಿ ತಿರುಗಿ ನಿಲ್ಲುವ ಸದ್ದು ಬಂತು.

"ಎಲ್ಲಾ ಗಾಲಿಗೂ ಇರ್ತಿತ್ತಲ್ಲೇ ದಾರ," ಎಂದ ಗಂಡ.

"ಹೂಂ."

"ಎಲ್ಲದಕ್ಕೂ."

"ಹೂಂ ರೀ. ನಿಮ್ಮ ಗಾಲಿಗೆ ಎಷ್ಟಾಯ್ತು ಅಂತ ಸಂಜೆ ಎಣಿಸಿ ನೋಡಿ."

"ಯಾವಾಗ ಬರ್ತೀಯ?" ಎಂಬ ಮಾತು ಅರ್ಧ ಕೇಳಿಸಿತು. ಅವಳು ಆಗಲೇ ಸೈಕಲ್ ತಳ್ಳಿಕೊಂಡು ಹೊರಟಿದ್ದಳು. ಹಸಿರು ಮುಗಿದು ನೀಲಿ ಶುರುವಾಗುವ ಗೆರೆಯ ಹತ್ತಿರ ಫೋನು ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ಇಲ್ಲಿಂದ ಮುಂದೆ ಅದು ಕೆಲಸ ಮಾಡುವುದಿಲ್ಲವೆಂದು ಪ್ರವಾಸಿಗಳು ಹೇಳುತ್ತಿದ್ದದ್ದನ್ನು ಅವಳು ಪರದೆಯ ಈಚೆಗೆ ಎಷ್ಟೋ ಸಲ ಕೇಳಿದ್ದಳು.

ಆಚೆ ದಂಡೆಯಲ್ಲಿ ಸೇತುವೆಯ ಬುಡಕ್ಕೆ ಸಿಮೆಂಟಿನ ಒಂದು ಬೆಂಚಿತ್ತು. ಪಾಸಿನ ಪ್ರಕಾರ ಕತ್ತಲಾಗುವುದರೊಳಗೆ ಹಿಂದಿರುಗಬೇಕು. ಇನ್ನೂ ಎರಡು ಗಂಟೆಯಿತ್ತು. ಅವಳು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಚಪ್ಪಲಿ ಬಿಟ್ಟು, ಬೆಂಚಿನ ಮೇಲೆ ಕಾಲು ಮಡಿಸಿ ಕೂತಳು. ತಾನು ಹನ್ನೊಂದು ದಿನ ತುಳಿದು ಬಂದ ದಂಡೆ ಎದುರಿಗಿತ್ತು. ಪಕ್ಕದಲ್ಲಿ ಹಿಂದಿನ ಗಾಲಿ ಗಾಳಿಗೆ ಒಂದಿಷ್ಟು ತಿರುಗಿ ನಿಂತಿತು.

ಏಳಬೇಕಾದ ಕೆಲಸವೇನೂ ಇರಲಿಲ್ಲ. ಅವಳು ಏಳಲಿಲ್ಲ.